ಬೇರೆ ಹಂಚಿಗೆ ತೆಗೆದ ಕೆಂಡ

ಇದ್ದಿಲಿನಿಂದ ಕರೆಂಟು ಹೇಗೆ ಬರುತ್ತದೆ ಅಜ್ಜಿ ಎಂದು ನೀವು ಕೇಳಿದಿರಿ. ಬರುವುದಿಲ್ಲ ಮಕ್ಕಳೇ. ಬೇರೆ ಕಡೆಯಿಂದ ಬಂದ ಕರೆಂಟು ಅದರಲ್ಲಿ ಒಂದಷ್ಟು ಹೊತ್ತು ನಿಲ್ಲುತ್ತದೆ, ಅಷ್ಟೇ. ಇಷ್ಟು ತಿಳಿಯುವುದಕ್ಕೂ ನನಗೆ ಬಹಳ ಕಾಲ ಹಿಡಿಯಿತು. ಅವತ್ತು ನೀವು ಕೇಳಿದಾಗ ನಾನು ಡ್ರಮ್ಮಿನ ಬಾಯಿಗೆ ಮಣ್ಣು ಮೆತ್ತಿ ಆಗಷ್ಟೇ ಬಂದಿದ್ದೆ. ಸೊಂಟ ಹಿಡಿದುಕೊಂಡಿತ್ತು. ಮಾತು ಬೇಡವಾಗಿತ್ತು. ಅಲ್ಲದೆ ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ನನಗೆ ಸಲೀಸು. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ. ನೀವು ತರೀಕೆರೆಯಲ್ಲಿ ಕೂತು ಇದನ್ನು ನಿಧಾನವಾಗಿ ಓದಿಕೊಳ್ಳಿ.

ನಾನು ಹುಟ್ಟಿದ್ದು ಅಜ್ಜಂಪುರದ ಕಡೆಯ ಎರೆಭೂಮಿಯಲ್ಲಿ. ಅಲ್ಲಿ ಈರುಳ್ಳಿ, ಹತ್ತಿ, ಜೋಳ. ತೆಂಗಿನ ಮರ ಇದ್ದರೆ ಬಾವಿಯ ಪಕ್ಕ ಒಂದು. ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದೆ. ಮದುವೆಯಾಗಿ ಹಿರೇನಲ್ಲೂರಿನ ಕಡೆಯ ಈ ಊರಿಗೆ ಬಂದ ಮೇಲೆ ಎಲ್ಲಿ ನೋಡಿದರೂ ತೆಂಗು. ಅಟ್ಟದ ತುಂಬ ಕೊಬ್ಬರಿ, ಹಿತ್ತಲ ತುಂಬ ಒಡೆದ ಚಿಪ್ಪಿನ ರಾಶಿ. ಆ ಚಿಪ್ಪನ್ನು ಗುಂಡಿಯಲ್ಲಿ ಸುಟ್ಟು ಇದ್ದಿಲು ಮಾಡಿ ಕಡೂರಿನ ಅಕ್ಕಸಾಲಿಗರಿಗೆ, ಇಸ್ತ್ರಿಯವರಿಗೆ ಕೊಡುವುದು ನಮ್ಮ ಮನೆಯ ಹೆಂಗಸರ ಕೆಲಸವಾಗಿತ್ತು. ನನಗೆ ಅದನ್ನು ಕಲಿಸಿದವಳು ನನ್ನ ಓರಗಿತ್ತಿ, ನಿಮ್ಮ ತಾತನ ಅಣ್ಣನ ಹೆಂಡತಿ. ನೀವು ದೊಡ್ಡಜ್ಜಿ ಎನ್ನುತ್ತೀರಿ. ನಾನು ಅಕ್ಕ ಎನ್ನುತ್ತೇನೆ.

ಅಕ್ಕನ ಬಲಗಾಲನ್ನು ನೀವು ನೋಡಿದ್ದೀರಿ. ಮೊಣಕಾಲಿನಿಂದ ಕೆಳಗೆ ಚರ್ಮ ಸುಕ್ಕು ಸುಕ್ಕಾಗಿ ಹೊಳೆಯುತ್ತದೆ. ಚಿಕ್ಕ ಪ್ರಾಯದಲ್ಲಿ ಅವಳು ಗುಂಡಿಯ ಬೆಂಕಿ ನೋಡುತ್ತ ನಿಂತಿದ್ದಾಗ ದಾರಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು, ಎಷ್ಟು ಚೆನ್ನಾಗಿ ಉರಿಯುತ್ತಿದೆ ಎಂದರಂತೆ. ಅವರು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬೆಂಕಿ ಮೇಲೆದ್ದು ಸೀರೆಗೆ ಹತ್ತಿತಂತೆ. ಅಂದಿನಿಂದ ಅವಳು ದೃಷ್ಟಿ ತೆಗೆಯದೆ ಬೆಂಕಿಯ ಬಾಯಿ ಮುಚ್ಚಿದವಳಲ್ಲ. ಚಿಪ್ಪು ಚೆನ್ನಾಗಿ ಹತ್ತಿ ಹೊಗೆ ತೆಳುವಾದಾಗ ಸೆರಗಿನಲ್ಲಿ ಕಟ್ಟಿಕೊಂಡ ಕಲ್ಲುಪ್ಪು ಬಿಚ್ಚಿ, ಅಲ್ಲಿ ನಿಂತವರ ಬೆನ್ನ ಹಿಂದೆ ನಿಂತು ಮೂರು ಸುತ್ತು ನಿವಾಳಿಸಿ, ಬೆಂಕಿಗೆ ಹಾಕುವಳು. ಆಗ ಯಾರೂ ತಿರುಗಿ ನೋಡಬಾರದು, ಮಾತಾಡಬಾರದು. ಉಪ್ಪು ಚಟಪಟ ಎಂದು ಸಿಡಿದು ಸುಮ್ಮನಾದ ಮೇಲೆ ಮುಚ್ಚುವುದು. ನಾನು ಸೊಸೆಯಾಗಿ ಬಂದ ದಿನದಿಂದ ಹೀಗೇ ನೋಡಿದ್ದೇನೆ. ಬೆಂಕಿಗೆ ಸೌದೆ ಬೇಕು ಎನ್ನುವ ಹಾಗೆ ಉಪ್ಪೂ ಬೇಕು ಎಂದು ತಿಳಿದಿದ್ದೆ.

ನಿಮ್ಮ ತಾತ ಹೋದ ಮೇಲೆ ಗುಂಡಿಯ ಕೆಲಸ ಕಡಿಮೆಯಾಯಿತು. ಇಸ್ತ್ರಿಯವರೆಲ್ಲ ಕರೆಂಟಿನ ಪೆಟ್ಟಿಗೆಗೆ ಹೋದರು. ಇನ್ನು ಹೊಗೆ ಕುಡಿಯುವುದು ಮುಗಿಯಿತು ಎಂದು ಒಳಗೊಳಗೇ ಸಮಾಧಾನ ಪಟ್ಟಿದ್ದೆ. ಆಗ ಬಂದಳು ಆ ಹುಡುಗಿ.

ಅವಳು ಲಿಂಗದಹಳ್ಳಿ ಕಡೆಯವಳು. ಯೂನಿವರ್ಸಿಟಿಯಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಕರೆಂಟು ಹಿಡಿದಿಡುವ ಸಣ್ಣ ಡಬ್ಬಿಗಳು ಇರುತ್ತವಂತೆ, ಬ್ಯಾಟರಿಯ ಜಾತಿಯವೇ, ಆದರೆ ಬೇಗ ತುಂಬಿ ಬೇಗ ಖಾಲಿಯಾಗುವಂಥವು. ಅವುಗಳ ಒಳಗೆ ತೆಳುವಾದ ಅಲ್ಯೂಮಿನಿಯಂ ಹಾಳೆಯ ಮೇಲೆ ಇದ್ದಿಲ ಪುಡಿ ಬಳಿದಿರುತ್ತಾರೆ. ಆ ಪುಡಿಯ ತುಂಬ ಕಣ್ಣಿಗೆ ಕಾಣದ ತೂತುಗಳು. ಕರೆಂಟು ನಿಲ್ಲುವುದು ಅಲ್ಲಿ. ಆ ಪುಡಿ ಹೊರದೇಶದಿಂದ ಬರುತ್ತದೆ, ನಮ್ಮ ಕಡೆಯ ಚಿಪ್ಪಿನಿಂದ ಮಾಡಬಹುದೇ ಎಂಬುದೇ ಅವಳ ಓದು. ಮೊದಲು ತನ್ನೂರಿನ ಅಡಿಕೆ ಸಿಪ್ಪೆಯಲ್ಲಿ ಮಾಡಿ ನೋಡಿದಳಂತೆ. ಅದು ಬೂದಿಯೇ ಹೆಚ್ಚಾಗಿ ಕೈಕೊಟ್ಟಿತು. ಆಮೇಲೆ ತೆಂಗಿನ ಚಿಪ್ಪು ಹುಡುಕಿಕೊಂಡು ತರೀಕೆರೆಯಿಂದ ಕಡೂರಿಗೆ ಬಸ್ಸು, ಅಲ್ಲಿಂದ ಆಟೋ ಹತ್ತಿ ನಮ್ಮ ಹಿತ್ತಲಿಗೆ ಬಂದಳು. ಚೀಲಕ್ಕೆ ಚಿಪ್ಪು ತುಂಬುವಾಗ ಒಂದೊಂದನ್ನೂ ತಿರುಗಿಸಿ ನೋಡುತ್ತಿದ್ದಳು. ಅಕ್ಕ ನಕ್ಕಳು.

"ಬದನೆಕಾಯಿ ಆರಿಸ್ತಾ ಇದೀಯೇನೇ? ಎಲ್ಲಾ ಒಂದೇ ಮರದ್ದು, ತುಂಬ್ಕೊಂಡ್ ಹೋಗು."

ಆ ಚಿಪ್ಪನ್ನು ಹುಡುಗಿ ಯೂನಿವರ್ಸಿಟಿಯ ಕರೆಂಟಿನ ಒಲೆಯಲ್ಲಿ ತಾನೇ ಸುಟ್ಟು ತಾನೇ ಪುಡಿ ಮಾಡಿದಳು. ಬಹಳ ಚೆನ್ನಾಗಿ ಬಂತಂತೆ. ಅವಳ ಮೇಷ್ಟ್ರು ಅದನ್ನು ಒಂದು ಕಂಪನಿಗೆ ತೋರಿಸಿದರು. ಆ ಡಬ್ಬಿಗಳನ್ನು ಮಾಡುವುದು ಅದೇ ಕಂಪನಿ. ಅವರಿಗೂ ಹಿಡಿಸಿತು. ಆದರೆ ಕಂಪನಿಗೆ ಚಮಚದಲ್ಲಿ ಅಳೆಯುವ ಪುಡಿ ಸಾಲದು, ಮೂಟೆಯಲ್ಲಿ ಬೇಕು. ಅಷ್ಟನ್ನು ಸುಡಲು ಯೂನಿವರ್ಸಿಟಿಯಲ್ಲಿ ಒಲೆ ಇಲ್ಲ. ಹೀಗಾಗಿ ಮೂರು ಕಡೆಯವರು ಸೇರಿಕೊಂಡರು. ಯೂನಿವರ್ಸಿಟಿಯವರು ಗಾಳಿಯಾಡದ ಡ್ರಮ್ಮಿನ ನಕ್ಷೆ ಬರೆದರು. ಕಂಪನಿಯವರು ಆ ಡ್ರಮ್ಮುಗಳನ್ನು ಮಾಡಿಸಿ ನಮ್ಮ ಕಣದಲ್ಲಿ ತಗಡಿನ ಶೆಡ್ಡು ಹಾಕಿಸಿದರು. ಸುಡುವುದು ನಾನು, ಅಕ್ಕ, ಜೊತೆಗೆ ಊರಿನ ಇನ್ನಷ್ಟು ಹೆಂಗಸರು. ನಿಮ್ಮ ಮಾವ ಜಾಗ ಕೊಡಲು ಒಪ್ಪಿದ. ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ನಾನು ಬೇಡ ಎನ್ನುತ್ತಿರಲಿಲ್ಲ. ಬೇಡ ಎನ್ನಲು ಎದ್ದು ನಿಲ್ಲಬೇಕಲ್ಲ, ಅದೇ ನನಗೆ ಕಷ್ಟ.

ಹೊಸ ಡ್ರಮ್ಮಿನಲ್ಲಿ ಹೊಗೆ ಕಡಿಮೆ ಎಂದಿದ್ದರು. ಕಡಿಮೆ ನಿಜ. ಆದರೆ ಬಗ್ಗುವುದು ಹೆಚ್ಚು. ಚಿಪ್ಪಿನ ನಾರು ಪೂರ್ತಿ ಕೆರೆದಿರಬೇಕು. ನೀರು ಚಿಮುಕಿಸಿ ಆರಿಸಬಾರದು, ಮುಚ್ಚಿದ ಡ್ರಮ್ಮು ತಾನಾಗಿ ತಣ್ಣಗಾಗಬೇಕು. ಮುಚ್ಚಳದ ಸುತ್ತ ಮಣ್ಣು ಮೆತ್ತಿ ಗಾಳಿ ಕಟ್ಟಬೇಕು. ಅದಕ್ಕೆ ನಾನು ಅಜ್ಜಂಪುರದ ಕಡೆಯ ನನ್ನ ತವರಿನ ಹೊಲದಿಂದ ಎರೆಮಣ್ಣು ತರಿಸಿದ್ದೆ. ರಾಗಿ ಹೊಟ್ಟು ಕಲಸಿ ತುಳಿದರೆ ಅದು ಬಿರಿಯುವುದಿಲ್ಲ, ಮೇಣದ ಹಾಗೆ ಕೂರುತ್ತದೆ. ಆ ಶೆಡ್ಡಿನಲ್ಲಿ ನನ್ನದು ಎಂದು ಹೇಳಿಕೊಳ್ಳುವಂಥದ್ದು ಅದೊಂದೇ ಇತ್ತು.

ಮೊದಲ ಮೂಟೆಗಳು ಹೋದವು. ಅಕ್ಕ ಎಂದಿನಂತೆ ಬೆಂಕಿ ಹಚ್ಚಿದಳು, ದೃಷ್ಟಿ ತೆಗೆದಳು. ಹುಡುಗಿ ಅವತ್ತು ಅಲ್ಲೇ ಇದ್ದಳು. ಅವಳೂ ನಮ್ಮ ಕಡೆಯ ಮನೆಯಲ್ಲಿ ಬೆಳೆದವಳು, ಅಕ್ಕ ಸೆರಗಿನ ಗಂಟು ಬಿಚ್ಚಿದ್ದು ಕಂಡ ಕೂಡಲೇ ತಾನಾಗಿ ಆಚೆ ತಿರುಗಿ ನಿಂತಳು. ತಿರುಗಿ ನೋಡದವಳಿಗೆ ಮರ್ಯಾದೆ ಗೊತ್ತು ಎಂದು ಅಕ್ಕನಿಗೆ ಅವತ್ತೇ ಅವಳ ಮೇಲೆ ಪ್ರೀತಿ ಬಂತು.

ಆಮೇಲೆ ಕಾಯುವುದು ಶುರುವಾಯಿತು. ಈ ಕೆಲಸದಲ್ಲಿ ಸುಡುವುದಕ್ಕಿಂತ ಕಾಯುವುದೇ ಹೆಚ್ಚು. ಇದ್ದಿಲು ಯೂನಿವರ್ಸಿಟಿಗೆ ಹೋಗುತ್ತದೆ, ಅಲ್ಲಿ ಅದನ್ನು ಇನ್ನೂ ಜೋರು ಶಾಖದಲ್ಲಿ ಬೇಯಿಸಿ ಪುಡಿ ಮಾಡಿ ಕಂಪನಿಗೆ ಕಳಿಸುತ್ತಾರೆ. ಕಂಪನಿ ಅದನ್ನು ಡಬ್ಬಿಗೆ ತುಂಬಿ, ತಿಂಗಳುಗಟ್ಟಲೆ ಇಟ್ಟು ನೋಡುತ್ತದೆ. ಅಷ್ಟರಲ್ಲಿ ನಮ್ಮ ಇನ್ನೊಂದು ಕೊಬ್ಬರಿ ಒಡೆಯುವ ಕಾಲ ಬಂದು ಹೋಗಿರುತ್ತದೆ. ಕೊನೆಗೆ ಸುದ್ದಿ ಬಂತು, ಆಗಲಿಲ್ಲ ಎಂದು. ತುಂಬಿದ ಕರೆಂಟು ನಿಲ್ಲದೆ ಸೋರಿಹೋಗುತ್ತದೆ, ಒಳಗಿನ ಅಲ್ಯೂಮಿನಿಯಂ ಹಾಳೆ ತಿಂದುಹೋಗುತ್ತದೆ ಎಂದರು.

ಹುಡುಗಿ ಯೂನಿವರ್ಸಿಟಿಯ ಒಲೆಯಲ್ಲಿ ಸುಟ್ಟದ್ದು ಚೆನ್ನಾಗಿತ್ತು, ಅದೇ ಚಿಪ್ಪು ನಮ್ಮ ಶೆಡ್ಡಿನಲ್ಲಿ ಸುಟ್ಟರೆ ಕೆಡುತ್ತಿತ್ತು. ಮೇಷ್ಟ್ರು ಕಂಪನಿಯವರಿಗೆ, ನಿಮ್ಮ ಕಾರ್ಖಾನೆಯ ಯಂತ್ರದಲ್ಲೇ ಏನೋ ಸೇರುತ್ತಿದೆ ಎಂದರು. ಕಂಪನಿಯ ಆಫೀಸರು ನಿಮ್ಮ ಇದ್ದಿಲೇ ಸರಿಯಿಲ್ಲ ಎಂದರು. ಕಡೂರಿನಲ್ಲಿ ಒಂದು ಮೀಟಿಂಗು ಆಯಿತು, ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಹೋಗಿದ್ದರು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಎರಡೂ ಕಡೆಯವರು ಬಹಳ ಮರ್ಯಾದೆಯಿಂದಲೇ ಮಾತಾಡಿದರು, ಆದರೆ ಹೊಲದ ಬದುವಿನ ಮೇಲೆ ನಿಂತ ಅಣ್ಣತಮ್ಮಂದಿರ ಹಾಗೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪಲಿಲ್ಲ. ಕಂಪನಿಯವರು ತಮ್ಮ ಯಂತ್ರದೊಳಗೆ ಏನೇನು ಹಾಕುತ್ತೇವೆಂದು ಪೂರ್ತಿ ಹೇಳುವಂತಿಲ್ಲವಂತೆ. ಮೇಷ್ಟ್ರು ತಾವು ಕಂಡದ್ದನ್ನು ಕಂಪನಿ ಒಪ್ಪದೆ ಹೊರಗೆ ಅಚ್ಚು ಹಾಕಿಸುವಂತಿಲ್ಲವಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿ ನನ್ನ ಪಕ್ಕ ಕೂತಿದ್ದಳು.

"ಬರೆದು ಇಟ್ಟಿದೀನಿ ಅಜ್ಜಿ, ಅಚ್ಚಿಗೆ ಕಳಿಸೋ ಹಾಗಿಲ್ಲ," ಎಂದಳು. ಅಷ್ಟು ಹೇಳಿ ಕಿಟಕಿಗೆ ತಲೆ ಆನಿಸಿ ನಿದ್ದೆಹೋದಳು.

ಅವಳ ಓದು ಎಲ್ಲಿ ಸಿಕ್ಕಿಕೊಂಡಿದೆ ಎಂದು ನನಗೆ ಅವತ್ತು ಅರ್ಥವಾಯಿತು. ಕಂಪನಿ ಕೈಬಿಟ್ಟರೆ ಅವಳು ಮಾಡಿದ್ದೆಲ್ಲ ಅರ್ಧಕ್ಕೇ ನಿಲ್ಲುತ್ತದೆ. ಬೇರೆ ವಿಷಯ ಹಿಡಿದು ಮೊದಲಿನಿಂದ ಓದಬೇಕು. ಅಷ್ಟು ಕಾಯಲು ಮನೆಯವರು ಬಿಡುವ ಹಾಗಿರಲಿಲ್ಲ.

ಆ ಮೇಲೆ ಹುಡುಕಾಟ. ನೀರು ನೋಡಿದರು, ಚೀಲ ನೋಡಿದರು, ಡ್ರಮ್ಮಿನ ತಗಡು ಕೆರೆದು ನೋಡಿದರು. ಕಡೆಗೆ ನನ್ನ ಎರೆಮಣ್ಣಿನ ಮೇಲೆ ಅನುಮಾನ ಬಂತು. ಆಫೀಸರೇ ಬಂದು ಒಂದು ಸಣ್ಣ ಶೀಶೆಯಲ್ಲಿ ತುಂಬಿಕೊಂಡು ಹೋದರು. ಇದು ಎಲ್ಲಿಯ ಮಣ್ಣು ಎಂದು ಕೇಳಿದಾಗ ಅಕ್ಕ ನನ್ನ ಕಡೆ ಕೈ ತೋರಿಸಿದಳು. ನನಗೆ ತಲೆ ಎತ್ತಲು ಆಗಲಿಲ್ಲ. ನನ್ನ ಅವ್ವ ಕಾಲಿನಲ್ಲಿ ತುಳಿದ ಮಣ್ಣು ಅದು. ಅದರಲ್ಲಿ ಒಂದಿಷ್ಟು ಉಪ್ಪಿನಂಶ ಇದೆ ಎಂದು ಪರೀಕ್ಷೆಯಲ್ಲಿ ಬಂತಂತೆ, ಆದರೆ ಅಷ್ಟರಿಂದ ಇಷ್ಟು ಕೆಡಲಾರದು ಎಂದೂ ಹೇಳಿದರು. ಆದರೂ ನಿಲ್ಲಿಸಿ ಎಂದರು. ಊರ ಹತ್ತಿರದ ಕೆಮ್ಮಣ್ಣು ತಂದೆವು. ಅದು ಒಣಗಿದರೆ ಬಿರುಕು ಬಿಡುತ್ತದೆ. ಡ್ರಮ್ಮಿನ ಪಕ್ಕದಲ್ಲೇ ಕೂತು ಬಿರುಕು ಕಂಡಲ್ಲೆಲ್ಲ ತೇಪೆ ಹಾಕುತ್ತಲೇ ಇರಬೇಕು. ನನ್ನ ಸೊಂಟ ಹೋದದ್ದು ಆ ವರ್ಷ.

ಎರಡನೇ ಸಲದ ಮೂಟೆಗಳೂ ಕೆಟ್ಟವು. ಆದರೆ ಮೊದಲಿನಷ್ಟಲ್ಲ ಎಂದರು. ಮಣ್ಣು ಬದಲಿಸಿದ್ದರಿಂದ ಇರಬಹುದು ಎಂದು ಎಲ್ಲರೂ ತಲೆ ಆಡಿಸಿದರು. ಆ ಸಲ ಸುಡುವಾಗ ಮಳೆಯಿತ್ತು, ಹೊರಗಿನವರು ಯಾರೂ ಬಂದಿರಲಿಲ್ಲ ಎಂಬುದು ಯಾರಿಗೂ ನೆನಪಾಗಲಿಲ್ಲ. ನನಗೂ ನೆನಪಾಗಲಿಲ್ಲ.

ಮೂರನೇ ಸಲಕ್ಕೆ ಕಂಪನಿ ಕಡಾಖಂಡಿತವಾಗಿ ಹೇಳಿತು. ಇದೂ ತಪ್ಪಿದರೆ ಹೊರಗಿನ ಪುಡಿಯೇ ಸಾಕು, ಶೆಡ್ಡು ಬಿಚ್ಚುತ್ತೇವೆ ಎಂದಿತು. ಯಾವ ತಪ್ಪೂ ಆಗಬಾರದೆಂದು ಅವರೇ ಎದುರಿಗೆ ನಿಂತು ಸುಡಿಸಿದರು. ಬೆಳಿಗ್ಗೆಯೇ ಎರಡು ಕಾರು ಬಂದವು. ಆಫೀಸರು, ಅವರ ಜೊತೆಯವರು, ಮೇಷ್ಟ್ರು, ಅವರ ಬೇರೆ ವಿದ್ಯಾರ್ಥಿಗಳು. ಎಲ್ಲರೂ ತಲೆಗೆ ಟೊಪ್ಪಿ, ಕೈಗೆ ಗವಸು ಹಾಕಿಕೊಂಡಿದ್ದರು. ಚಿಪ್ಪನ್ನು ಅವರೇ ತೊಳೆದು ಒಣಗಿಸಿ ತಂದಿದ್ದರು. ನಮಗೂ ಗವಸು ಕೊಟ್ಟರು. ಬೆಂಕಿ ಎಷ್ಟು ಚೆನ್ನಾಗಿ ಹತ್ತಿತು ಎಂದು ಅವರಲ್ಲಿ ಒಬ್ಬರು ಹೇಳಿದ್ದು ನನಗೆ ಕೇಳಿಸಿತು. ಅಕ್ಕನ ಮುಖ ನೋಡಿದೆ. ಅವಳು ಗವಸು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮನೆಯ ಕಡೆ ಹೋಗಿ ಬಂದಳು. ಬರುವಾಗ ಸೆರಗಿನ ಗಂಟು ದಪ್ಪಗಿತ್ತು. ಎಲ್ಲರೂ ಥರ್ಮಾಮೀಟರಿನ ಡಬ್ಬಿಯ ಸುತ್ತ ನಿಂತು ಅಂಕಿ ಓದುತ್ತಿದ್ದಾಗ ಅವರ ಬೆನ್ನ ಹಿಂದೆ ನಿವಾಳಿಸಿ ಹಾಕಿದಳು. ಉಪ್ಪು ಸಿಡಿದ ಸದ್ದನ್ನು ಚಿಪ್ಪು ಸಿಡಿದದ್ದು ಎಂದು ತಿಳಿದಿರಬೇಕು. ಹುಡುಗಿ ಮಾತ್ರ ಎಂದಿನಂತೆ ಆಚೆ ತಿರುಗಿ ನಿಂತಿದ್ದಳು.

ಆ ಇದ್ದಿಲು ಮೂರರಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿತ್ತು.

ಸುದ್ದಿ ಹೇಳಲು ಅವರು ಶೆಡ್ಡಿಗೇ ಬಂದರು. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆಫೀಸರಿಗೂ ಬೇಸರವಾಗಿತ್ತು ಎಂದು ಕಾಣುತ್ತದೆ. ಅವರು ಕೆಟ್ಟವರಲ್ಲ ಮಕ್ಕಳೇ, ಅವರ ಮೇಲೂ ಕೇಳುವವರು ಇರುತ್ತಾರೆ. ಅವರೂ ಮೇಷ್ಟ್ರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಹುಡುಗಿ ಚಿಪ್ಪಿನ ಚೀಲದ ಮೇಲೆ ಕೂತಳು. ನಾನು ಕಾಫಿ ತಂದಿಟ್ಟು ಕಂಬದ ಪಕ್ಕ ನಿಂತೆ. ಅಕ್ಕ ನೆಲದ ಮೇಲೆ ಕಾಲು ನೀಡಿ ಚಿಪ್ಪಿನ ನಾರು ಕೆರೆಯುತ್ತಿದ್ದಳು. ಇನ್ನು ಬೇಡದ ಚಿಪ್ಪು, ಆದರೂ ಕೆರೆಯುತ್ತಿದ್ದಳು.

ಆಫೀಸರು ತಮಗೆ ಮೇಲಿನಿಂದ ಬಂದ ತೀರ್ಮಾನ ಹೇಳಿದರು. ಮೇಷ್ಟ್ರು ಏನೂ ವಾದಿಸಲಿಲ್ಲ, ಅವರಿಗೂ ಸಾಕಾಗಿತ್ತು. ಹುಡುಗಿ ಲ್ಯಾಪ್‌ಟಾಪು ತೆರೆದು ನೋಡುತ್ತಲೇ ಇದ್ದಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವ ಹಾಗೆ ಹೇಳಿದಳು.

"ಸರ್, ಒಂದು ವಿಚಿತ್ರ. ನಾವು ಯಾರೂ ಬರದೇ ಇದ್ದ ಸಲದ್ದೇ ಸ್ವಲ್ಪ ವಾಸಿ. ನಾನೊಬ್ಬಳು ಬಂದ ಸಲದ್ದು ಅದಕ್ಕಿಂತ ಕೆಟ್ಟದು. ಎಲ್ಲರೂ ಬಂದು ನಿಂತ ಸಲದ್ದು ಪೂರ್ತಿ ಹಾಳು."

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ಬೇಸರದ ನಗೆ ನಕ್ಕರು.

"ನಮ್ಮ ದೃಷ್ಟಿನೇ ತಾಗಿರ್ಬೇಕು ಬಿಡಮ್ಮ."

ಅಕ್ಕ ಕೆರೆಯುವುದು ನಿಲ್ಲಿಸಿದಳು. ತಮಾಷೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ತನ್ನ ಕೆಲಸದ ಮೇಲೆ ಮಾತು ಬಂತು ಎಂದುಕೊಂಡಳು.

"ಅದೆಂಗ್ ತಾಗ್ತೈತೆ ಸ್ವಾಮಿ? ಅಷ್ಟ್ ಜನ ಬಂದವ್ರೆ ಅಂತಲೇ ನಾನು ಎರಡ್ ಬೊಗಸೆ ಉಪ್ಪು ಹಾಕಿದ್ನಲ್ಲ."

ಆಫೀಸರು ಏನು ಉಪ್ಪು, ಎಲ್ಲಿಗೆ ಹಾಕಿದಿರಿ ಎಂದು ಕೇಳಿದರು. ಅಕ್ಕ ಡ್ರಮ್ಮಿನ ಬಾಯಿ ತೋರಿಸಿದಳು. ಪ್ರತಿ ಸಲವೂ ಹಾಕುತ್ತೀರಾ ಎಂದು ಕೇಳಿದರು. ಹಾಕದೆ ಯಾರಾದರೂ ಬೆಂಕಿ ಮುಚ್ಚುತ್ತಾರೆಯೇ ಎಂದು ಅವಳು ತಿರುಗಿ ಕೇಳಿದಳು. ಒಬ್ಬಿಬ್ಬರಿದ್ದರೆ ಒಂದು ಹಿಡಿ, ಮನೆಯವರೇ ಆದರೆ ಚಿಟಿಕೆ, ಕಾರಿನಲ್ಲಿ ಬರುವವರಿದ್ದರೆ ಬೊಗಸೆ ಎಂದು ಕೈಯಲ್ಲೇ ಅಳತೆ ಮಾಡಿ ತೋರಿಸಿದಳು. ಮೇಷ್ಟ್ರು ಎದ್ದು ಹೋಗಿ ಡ್ರಮ್ಮಿನೊಳಗೆ ಬಗ್ಗಿ ನೋಡಿದರು. ಅಲ್ಲಿ ಈಗ ಏನು ಕಾಣುತ್ತದೆ. ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳಿಗೆ ಗೊತ್ತಿತ್ತು, ನೋಡದೆ ತಿರುಗಿ ನಿಂತಿದ್ದಳು, ಅಷ್ಟೇ. ಅದು ಇದ್ದಿಲಿಗೆ ಸೇರಿದ ವಿಷಯ ಎಂದು ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಮನೆಯಲ್ಲಿ ಮಾಡುವುದು ಒಂದು, ಓದಿನಲ್ಲಿ ಮಾಡುವುದು ಇನ್ನೊಂದು ಎಂದು ನಾವೆಲ್ಲ ತಿಳಿದಿದ್ದೆವು.

ಆಫೀಸರು ಅಕ್ಕನ ಎದುರು ಕುಕ್ಕರುಗಾಲಿನಲ್ಲಿ ಕೂತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಅಮ್ಮಾ, ಅಲ್ಯೂಮಿನಿಯಂ ಪಾತ್ರೇಲಿ ಉಪ್ಪಿನಕಾಯಿ ಹಾಕ್ತೀರಾ?"

"ಯಾರಾದ್ರೂ ಹಾಕ್ತಾರೇನಪ್ಪಾ? ತೂತು ಬೀಳ್ತೈತೆ."

"ನಮ್ಮ ಡಬ್ಬಿ ಒಳಗೆ ಇರೋದೂ ಅದೇ ಅಲ್ಯೂಮಿನಿಯಂ. ಕಾಗದದಷ್ಟು ತೆಳು."

ತೊಳೆದರೆ ಉಪ್ಪು ಹೋಗುವುದಿಲ್ಲವೇ ಎಂದು ಅಕ್ಕ ಕೇಳಿದಳು. ಅಷ್ಟು ಶಾಖದಲ್ಲಿ ಅದು ಒಳಗಿನ ತೂತುಗಳಿಗೆ ಹೊಕ್ಕಿರುತ್ತದೆ, ಎಷ್ಟು ತೊಳೆದರೂ ಒಂದಿಷ್ಟು ಉಳಿಯುತ್ತದೆ, ನಮಗೆ ಆ ಒಂದಿಷ್ಟೂ ಹೆಚ್ಚು ಎಂದು ಅವರು ಹೇಳಿದರು. ಅಲ್ಲೇ ನಿಂತು ಯಾರಿಗೋ ಫೋನು ಮಾಡಿದರು. ಬಹಳ ಹೊತ್ತು ಮಾತಾಡಿ ಬಂದು, ಇನ್ನೊಂದೇ ಒಂದು ಸಲ ಸುಟ್ಟು ನೋಡಲು ಒಪ್ಪಿಸಿದ್ದೇನೆ, ಇದು ಕೊನೆ ಎಂದರು. ಎಲ್ಲರ ಮುಖದಲ್ಲೂ ಸ್ವಲ್ಪ ಕಳೆ ಬಂತು. ಇನ್ನು ಉಪ್ಪು ಹಾಕದಿದ್ದರೆ ಆಯಿತು ಎಂದುಕೊಂಡು ಹೊರಡಲು ಎದ್ದರು.

ಅಕ್ಕ ಏಳಲಿಲ್ಲ.

"ಹಂಗಾರೆ ಬೆಂಕಿ ನೀವೇ ಹಚ್ಕಳಿ. ನಾನ್ ಬರಲ್ಲ."

ಇಷ್ಟೇ ಹೇಳಿ, ಕಾಲು ಎಳೆದುಕೊಂಡು ಮನೆಗೆ ಹೋದಳು. ಅವಳ ಹಿಂದೆಯೇ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಹೋದರು. ದೃಷ್ಟಿ ತೆಗೆಯದ ಬೆಂಕಿಯ ಮುಂದೆ ನಿಲ್ಲಲು ಅವರಿಗೂ ಮನಸ್ಸಿರಲಿಲ್ಲ. ಮಕ್ಕಳೇ, ಇದನ್ನು ಓದಿ ನೀವು ನಗಬೇಡಿ. ಸುಟ್ಟ ಕಾಲು ಅವಳದು.

ಆ ವಾರ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಯಿತು. ನಿಮ್ಮ ಮಾವ ದೊಡ್ಡಮ್ಮನಿಗೆ ತಿಳಿಹೇಳಲು ಹೋಗಿ ಬೈಸಿಕೊಂಡು ಬಂದ. ಮೇಷ್ಟ್ರು ಫೋನಿನಲ್ಲಿ ನನಗೆ, ನೀವೇ ನಿಂತು ಸುಡಿಸಿ, ಅವರು ಬಾರದಿದ್ದರೆ ಬೇಡ ಎಂದರು. ನಾನು ಹೂಂ ಎಂದೆ. ಆದರೆ ಬೆಂಕಿಯ ಹದ ಕಂಡು ಮುಚ್ಚುವುದು ಅವಳಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ. ಥರ್ಮಾಮೀಟರು ಇತ್ತು, ಅದು ಹೇಳುತ್ತಿತ್ತು. ನಿಜ ಹೇಳಬೇಕೆಂದರೆ ಅವಳಿಲ್ಲದೆ ಆ ಡ್ರಮ್ಮಿನ ಮುಂದೆ ನಿಲ್ಲಲು ನನಗೇ ಭಯವಿತ್ತು.

ಹುಡುಗಿ ಒಂದು ಸಂಜೆ ಬಂದಳು. ಅಕ್ಕನ ಮನೆಯ ಜಗಲಿಯ ಮೇಲೆ ಕೂತಳು, ನಾನೂ ಹೋದೆ. ಉಪ್ಪಿನ ಮಾತನ್ನೇ ಅವಳು ಎತ್ತಲಿಲ್ಲ. ಅಕ್ಕ ಅವರೆಕಾಯಿ ಬಿಡಿಸುತ್ತಿದ್ದಳು, ಇವಳೂ ಮೊರ ಎಳೆದುಕೊಂಡು ಬಿಡಿಸಿದಳು. ತನ್ನ ಊರಿನ ಬಸ್ಸು ನಿಂತುಹೋದದ್ದು, ಅಪ್ಪ ಗಂಡು ನೋಡುತ್ತಿರುವುದು ಎಲ್ಲ ಹೇಳಿದಳು. ಕತ್ತಲಾಗುವ ಮೊದಲು ಕಡೂರಿನ ಬಸ್ಸಿಗೆ ಹೊರಡಲು ಎದ್ದಾಗ ಅಕ್ಕ ತಲೆ ಎತ್ತದೆ ಕೇಳಿದಳು.

"ನಾನ್ ಬರದಿದ್ರೆ ನಿನ್ ಓದು ನಿಂತೋಗ್ತದಾ?"

"ಹ್ಞೂಂ ದೊಡ್ಡಜ್ಜಿ."

"ಉಪ್ಪು ಹಾಕದೆ ನಿಂಗೇನಾದ್ರೂ ಆದ್ರೆ?"

ಏನೂ ಆಗುವುದಿಲ್ಲ ಎಂದು ಹುಡುಗಿ ಸುಲಭವಾಗಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ.

ಸುಡುವ ದಿನ ಬೆಳಿಗ್ಗೆ ನಾನು ಶೆಡ್ಡಿಗೆ ಹೋದಾಗ ಅಕ್ಕ ಆಗಲೇ ಬಂದು ಡ್ರಮ್ಮಿಗೆ ಚಿಪ್ಪು ಜೋಡಿಸುತ್ತಿದ್ದಳು. ಆಫೀಸರೂ ಮೇಷ್ಟ್ರೂ ಹುಡುಗಿಯೂ ದೂರ ನಿಂತಿದ್ದರು. ಅವಳ ಸೆರಗಿನಲ್ಲಿ ಗಂಟು ಇದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಆಫೀಸರು ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಬೆಂಕಿ ಹತ್ತಿತು, ಹೊಗೆ ತೆಳುವಾಯಿತು. ಉಪ್ಪು ಹಾಕುವ ಹೊತ್ತಿಗೆ ಅಕ್ಕ ಮೂಲೆಯಿಂದ ಒಂದು ಒಡೆದ ಹಂಚಿನ ಚೂರು ತಂದಳು. ಇಕ್ಕಳದಿಂದ ಡ್ರಮ್ಮಿನೊಳಗೆ ಮೇಲಿದ್ದ ಕೆಂಡ ಒಂದೊಂದಾಗಿ ತೆಗೆದು ಅದರಲ್ಲಿ ಇಟ್ಟಳು. ನಾನು ಸಹಾಯಕ್ಕೆ ಕೈ ನೀಡಿದೆ. ಬೇಡ ಎಂದು ಮೊಣಕೈಯಿಂದ ತಳ್ಳಿದಳು. ಆ ಕೆಂಡದ ಹಂಚು ಹಿಡಿದು ಕುಂಟುತ್ತಾ ಶೆಡ್ಡಿನಿಂದ ಆಚೆ, ಗಾಳಿ ಆ ಕಡೆ ಬೀಸುವ ಹೊಂಗೆ ಮರದ ಬುಡಕ್ಕೆ ಹೋದಳು. ಅಲ್ಲಿ ಅದನ್ನು ನೆಲಕ್ಕಿಟ್ಟು, ಸೆರಗಿನ ಗಂಟು ಬಿಚ್ಚಿ, ದೂರದಿಂದಲೇ ನಮ್ಮೆಲ್ಲರ ಕಡೆಗೆ, ಡ್ರಮ್ಮುಗಳ ಕಡೆಗೆ ನಿವಾಳಿಸಿ ಉಪ್ಪನ್ನು ಕೆಂಡದ ಮೇಲೆ ಹಾಕಿದಳು. ಹುಡುಗಿ ಆಚೆ ತಿರುಗಿದಳು. ಅವಳನ್ನು ನೋಡಿ ಮೇಷ್ಟ್ರು ತಿರುಗಿದರು. ಕಡೆಗೆ ಆಫೀಸರೂ ತಿರುಗಿ ನಿಂತರು. ಉಪ್ಪು ಸಿಡಿದು ಮುಗಿಯುವವರೆಗೆ ಹಾಗೇ ನಿಂತಿದ್ದೆವು.

ಅಕ್ಕ ವಾಪಸು ಬಂದು ಬಾವಿ ನೀರಿನಲ್ಲಿ ಎರಡು ಸಲ ಕೈ ತೊಳೆದು, ಒರೆಸಿಕೊಂಡು, ಮುಚ್ಚಳಕ್ಕೆ ಕೈ ಹಾಕಿದಳು. ನನಗೆ ಮಾತ್ರ ಕೇಳುವಂತೆ ಹೇಳಿದಳು.

"ಎಲ್ಲಿಟ್ರೂ ಬೆಂಕಿ ಅದೇ ಅಲ್ವೇನೇ."

ಆ ಸಲದ ಇದ್ದಿಲು ಪಾಸಾಯಿತು. ತಿಂಗಳುಗಟ್ಟಲೆ ಕಾದ ಮೇಲೆ ಸುದ್ದಿ ಬಂದಾಗ ಸಂತೋಷಪಡುವಷ್ಟು ಶಕ್ತಿ ಯಾರಲ್ಲೂ ಉಳಿದಿರಲಿಲ್ಲ. ಹುಡುಗಿ ಫೋನಿನಲ್ಲಿ ಆಯ್ತು ಅಜ್ಜಿ ಎಂದಳು, ನಾನು ಆಯ್ತಮ್ಮ ಎಂದೆ. ಅವಳ ಓದು ಮುಗಿಯಿತು, ಕಂಪನಿ ಒಪ್ಪಿದ ಮೇಲೆ ಅವಳು ಬರೆದದ್ದೂ ಅಚ್ಚಾಯಿತು. ಈಗ ಬೇರೆ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ.

ಆದರೆ ಕಂಪನಿಯದು ಒಂದು ಕಟ್ಟಳೆ ಇದೆ. ಯಾವ ಕ್ರಮದಲ್ಲಿ ಮಾಡಿದ ಮಾಲು ಪಾಸಾಯಿತೋ ಅದೇ ಕ್ರಮದಲ್ಲಿ ಪ್ರತಿ ಸಲ ಮಾಡಬೇಕು. ಏನನ್ನಾದರೂ ಬಿಟ್ಟರೆ ಅಥವಾ ಸೇರಿಸಿದರೆ ಪರೀಕ್ಷೆ ಮೊದಲಿನಿಂದ. ಹೀಗೆ ಗೋಡೆಗೆ ಅಂಟಿಸುವ ಹಾಳೆ ಬರೆಯುವಾಗ ಮೇಷ್ಟ್ರು ಉಪ್ಪಿನ ವಿಷಯ ಬೇಡ ಎಂದರಂತೆ, ಯೂನಿವರ್ಸಿಟಿಯ ಹೆಸರಿರುವ ಹಾಳೆಯಲ್ಲಿ ಅದು ಹೇಗೆ ಬರೆಯುವುದು ಎಂದು. ಆಫೀಸರು ಒಪ್ಪಲಿಲ್ಲ. ಕೆಂಡ ತೆಗೆದದ್ದರಿಂದ ಶಾಖ ಎಷ್ಟು ಇಳಿಯಿತು, ಮುಚ್ಚುವುದು ಎಷ್ಟು ತಡವಾಯಿತು ಎಂಬುದೂ ಆ ಇದ್ದಿಲಿನಲ್ಲಿ ಸೇರಿದೆ, ಅದೂ ಇರಲಿ ಎಂದರು. ಕಡೆಗೆ ಹುಡುಗಿಯೇ ಕನ್ನಡದಲ್ಲಿ ಬರೆದಳು. ಮುಚ್ಚುವ ಮೊದಲು ಮೇಲಿನ ಕೆಂಡ ಸ್ವಲ್ಪ ಬೇರೆ ಹಂಚಿಗೆ ತೆಗೆಯಬೇಕು. ಉಪ್ಪು ಹಾಕುವುದಿದ್ದರೆ ಹೊಂಗೆ ಮರದ ಬುಡದಲ್ಲಿ, ಆ ಹಂಚಿಗೆ ಮಾತ್ರ. ಕೈ ತೊಳೆದು ಬಂದು ಮುಚ್ಚಬೇಕು. ಹಂಚಿನ ಕೆಂಡ ಆರುವವರೆಗೆ ಒಬ್ಬರು ಅಲ್ಲೇ ಇರಬೇಕು. ನೀವು ರಜೆಯಲ್ಲಿ ಬಂದು ಓದಿ ನಕ್ಕಿರಲ್ಲ, ಅದು ಈ ಹಾಳೆಯೇ.

ಈಗ ಅಕ್ಕನಿಗೆ ಕಾಲು ಸಾಗದು, ಶೆಡ್ಡಿಗೆ ಬರುವುದಿಲ್ಲ. ಅವಳ ಕೆಲಸ ನನಗೆ ಬಂದಿದೆ. ದೃಷ್ಟಿಯಲ್ಲಿ ನನಗೆ ಅವಳಷ್ಟು ನಂಬಿಕೆ ಎಂದೂ ಇರಲಿಲ್ಲ. ಆದರೂ ಪ್ರತಿ ಸಲ ಹಂಚಿಗೆ ಕೆಂಡ ತೆಗೆಯುತ್ತೇನೆ, ಹೊಂಗೆ ಮರದವರೆಗೆ ಹೊರುತ್ತೇನೆ, ಉಪ್ಪು ನಿವಾಳಿಸಿ ಹಾಕುತ್ತೇನೆ. ಸಂಜೆ ಕಂಪನಿಯಿಂದ ಬೇರೊಬ್ಬ ಹುಡುಗಿ ಫೋನು ಮಾಡಿ ಎಲ್ಲ ಕೇಳುತ್ತಾಳೆ, ಚಿಪ್ಪು ಒಣಗಿತ್ತೇ, ಉಪ್ಪು ಹಂಚಿಗೇ ಹಾಕಿದಿರಾ, ಕೈ ತೊಳೆದಿರಾ. ಹೂಂ ಎನ್ನುತ್ತೇನೆ. ಮನೆಗೆ ಬರುವಾಗ ಜಗಲಿಯ ಮೇಲಿನಿಂದ ಅಕ್ಕ ಕೇಳುತ್ತಾಳೆ, ತೆಗೆದ್ಯೇನೇ ಎಂದು. ಅವಳಿಗೂ ಹೂಂ ಎನ್ನುತ್ತೇನೆ.

ಉಪ್ಪು ಸಿಡಿದು ಸುಮ್ಮನಾದ ಮೇಲೆ ಕೆಂಡ ಆರುವುದು ನಿಧಾನ. ಹಾಳೆಯಲ್ಲಿ ಬರೆದಿರುವುದರಿಂದ ಆ ಹೊತ್ತಿನಲ್ಲಿ ನನ್ನನ್ನು ಯಾರೂ ಕರೆಯುವ ಹಾಗಿಲ್ಲ. ಹೊಂಗೆ ಮರಕ್ಕೆ ಒರಗಿ ಕಾಲು ನೀಡುತ್ತೇನೆ. ಇಡೀ ದಿನದಲ್ಲಿ ನಾನು ಕೂರುವುದು ಅಷ್ಟು ಹೊತ್ತು ಮಾತ್ರ. ಕೆಂಡದ ಮೇಲೆ ಬೂದಿ ಕಟ್ಟುವುದನ್ನು ನೋಡುತ್ತ, ಇನ್ನೊಂದಿಷ್ಟು ಹೊತ್ತು ಆರದೇ ಇರಲಿ ಎಂದುಕೊಳ್ಳುತ್ತೇನೆ.